ಮಿದುಳನ್ನು ಓದಬಯಸುವ ಮಕ್ಕಳು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಗುರುನಿವಾಸದ ಜಗಲಿಗೆ ಬಂದು ಕೂರುವ ತಂದೆತಾಯಿಗಳ ಸಂಖ್ಯೆ ಹೆಚ್ಚುವುದು ವಾಡಿಕೆ. ಕೆಲವರಿಗೆ ಶಿಫಾರಸು ಪತ್ರ ಬೇಕು, ಕೆಲವರಿಗೆ ವಿದ್ಯಾರ್ಥಿನಿಲಯದ ವಿಳಾಸ ಬೇಕು, ಇನ್ನು ಕೆಲವರಿಗೆ ಮಕ್ಕಳ ಮುಂದೆ ಆಡಲಾಗದ ಆತಂಕವನ್ನು ಇನ್ನೊಬ್ಬರ ಕಿವಿಗೆ ಹಾಕಿದರೆ ಸಾಕು. ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ. ಎಂಬ ಪರಿಚಿತ ದಾರಿಗಳ ನಡುವೆ ಈಚೆಗೆ ಹೊಸದೊಂದು ಹೆಸರು ಕೇಳಿಬರುತ್ತಿದೆ. ರೇಷ್ಮೆ ನೂಲು ಬಿಚ್ಚುವ ಕಸುಬಿನ ತಂದೆಯೊಬ್ಬರು ಹೇಳಿದ್ದು ಹೀಗೆ: “ಸ್ವಾಮಿ, ಮಗಳು ಮಿದುಳಿನ ವಿಜ್ಞಾನ ಓದ್ತೀನಿ ಅಂತ ಹಟ ಹಿಡಿದವ್ಳೆ. ಡಾಕ್ಟ್ರ ಓದಲ್ವಂತೆ, ನರ್ಸ್ ಓದೂ ಅಲ್ವಂತೆ. ಓದಿ ಏನಾಗ್ತೀಯಾ ಅಂದ್ರೆ ಅವಳಿಗೂ ನೆಟ್ಟಗೆ ಹೇಳಕ್ಕೆ ಬರ್ತಿಲ್ಲ.” ಪಕ್ಕದಲ್ಲಿದ್ದ ತಾಯಿಯ ಚಿಂತೆ ಬೇರೆಯದೇ ಆಗಿತ್ತು: “ಎಲ್ಲಾ ಮಿದುಳೇ ಮಾಡೋದು ಅಂತ ಕಲಿತುಬಿಟ್ರೆ, ಆಮೇಲೆ ಆತ್ಮ, ದೇವರು ಅಂತ ಒಪ್ತಾಳಾ ಸ್ವಾಮಿ?”

ಈ ಎರಡು ಪ್ರಶ್ನೆಗಳೂ ಸಣ್ಣವಲ್ಲ. ಮೊದಲನೆಯದು ಅನ್ನದ ಪ್ರಶ್ನೆ. ಎರಡನೆಯದು ನಂಬಿಕೆಯ ಪ್ರಶ್ನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಅನೇಕ ಕುಟುಂಬಗಳಲ್ಲಿ ಇವು ಒಟ್ಟಿಗೇ ಎದ್ದು ನಿಲ್ಲುತ್ತವೆಯಾದ್ದರಿಂದ ಇವೆರಡನ್ನೂ ಇಲ್ಲಿ ಒಟ್ಟಿಗೇ ವಿಚಾರಿಸಬಯಸುತ್ತೇವೆ.

ನರವಿಜ್ಞಾನವೆಂಬುದು ವೈದ್ಯಶಾಸ್ತ್ರದ ಒಂದು ಕೊಂಬೆ ಮಾತ್ರವಲ್ಲ. ಸುಮಾರು 1.4 ಕಿಲೋ ತೂಗುವ, ಸುಮಾರು 8,600 ಕೋಟಿ ನರಕೋಶಗಳನ್ನುಳ್ಳ, ದೇಹದ ತೂಕದಲ್ಲಿ ಐವತ್ತರಲ್ಲೊಂದು ಪಾಲಾದರೂ ದೇಹದ ಶಕ್ತಿಯಲ್ಲಿ ಐದರಲ್ಲೊಂದು ಪಾಲನ್ನು ಬಳಸುವ ಮಿದುಳನ್ನು ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಮನಶ್ಶಾಸ್ತ್ರಗಳು ಕೂಡಿ ನೋಡುವ ಬಗೆಯಿದು. ಹೀಗೆ ಕೂಡಿ ನೋಡಬೇಕೆಂಬ ವಿಚಾರವೇ ಹೊಸದು. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯ ಫ್ರಾನ್ಸಿಸ್ ಷ್ಮಿಟ್ ಎಂಬವರು ಬೇರೆ ಬೇರೆ ಶಾಸ್ತ್ರಗಳವರನ್ನು ಒಂದೆಡೆ ಸೇರಿಸಿ ಕಾರ್ಯಕ್ರಮವೊಂದನ್ನು ಆರಂಭಿಸಿದ ಮೇಲೆ ಈ ಹೆಸರು ನೆಲೆಗೊಂಡಿತು. 1970ರ ದಶಕದಲ್ಲಿ ಆಮ್ಹರ್ಸ್ಟ್‌ನಂತಹ ಕೆಲವು ಕಾಲೇಜುಗಳು ಅದನ್ನು ಪದವಿ ತರಗತಿಗೇ ತಂದವು. ನಮ್ಮ ದೇಶದಲ್ಲಿ ಮಾತ್ರ ನರವಿಜ್ಞಾನವನ್ನೇ ಪ್ರಧಾನ ವಿಷಯವಾಗಿಸಿದ ಪದವಿ ಇಂದಿಗೂ ಅಪರೂಪ.

ಅಷ್ಟು ದೂರದ ಮಾತೇಕೆ? ನಮ್ಮ ಹಿತ್ತಲಿನಲ್ಲೇ ಈ ವಿದ್ಯೆಯ ಪಾಠಗಳಿವೆ. ಹುಳು ‘ಜ್ವರಕ್ಕೆ ಕೂತಿದೆ’ ಎಂದು ನಮ್ಮ ಸೀಮೆಯ ರೈತರು ಹೇಳುವುದನ್ನು ಯಾರು ಕೇಳಿಲ್ಲ? ನಾಲ್ಕು ಜ್ವರ ದಾಟಿ ಹಣ್ಣಾದ ಹುಳು ಚಂದ್ರಿಕೆಯೇರಿ ಗೂಡು ಕಟ್ಟುತ್ತದೆ. ಆ ಜ್ವರ ರೋಗವಲ್ಲ, ಚರ್ಮ ಕಳಚುವ ಹೊತ್ತು. ಅದಕ್ಕೆ ಅಪ್ಪಣೆ ಹೊರಡುವುದು ಹುಳುವಿನ ಪುಟ್ಟ ಮಿದುಳಿನಿಂದ. ಮಿದುಳು ಸ್ರವಿಸುವ ರಸವೊಂದು ಎದೆಭಾಗದ ಗ್ರಂಥಿಯನ್ನು ಎಬ್ಬಿಸುತ್ತದೆ. ಆ ಗ್ರಂಥಿಯ ರಸ ಚರ್ಮ ಕಳಚಿಸುತ್ತದೆ. 1954ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆಕೋಶಗಳನ್ನು ಅರೆದು, ಸೋಸಿ, ಈ ಎರಡನೆಯ ರಸವನ್ನು ಕೇವಲ 25 ಮಿಲಿಗ್ರಾಂನಷ್ಟು ಹರಳಾಗಿ ಪಡೆದರು. ಐದು ವರ್ಷಗಳ ತರುವಾಯ, 1959ರಲ್ಲಿ, ಅದೇ ಬ್ಯುಟೆನಾಂಟ್ ಮತ್ತು ಸಂಗಡಿಗರು ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ, ಗಂಡನ್ನು ಸೆಳೆಯುವ ವಾಸನೆಯ ವಸ್ತುವನ್ನು ಬೇರ್ಪಡಿಸಿದರು. ಜೀವಲೋಕದಲ್ಲಿ ಹೀಗೆ ರಾಸಾಯನಿಕವಾಗಿ ಗುರುತಿಸಲ್ಪಟ್ಟ ಮೊದಲ ಆಕರ್ಷಕ ಗಂಧ ಅದು. ಬಿತ್ತನೆ ಕೋಠಿಯಲ್ಲಿ ದುಡಿದವರು ಗಂಡು ಪತಂಗ ರೆಕ್ಕೆ ಬಡಿಯುತ್ತ ಹೆಣ್ಣಿನತ್ತ ತಡಕಾಡಿಕೊಂಡು ನಡೆಯುವುದನ್ನು ನಿತ್ಯ ಕಂಡವರೇ. ಆ ನಡಿಗೆಯ ಹಿಂದೆ, ಗಾಳಿಯಲ್ಲಿ ತೇಲಿಬಂದ ಕೆಲವೇ ಅಣುಗಳನ್ನು ಮೀಸೆಯ ನರತಂತುಗಳು ಹಿಡಿದು ಮಿದುಳಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆಯಿದೆ.

ವಾಸನೆಯ ಈ ವಿದ್ಯೆಗೆ ಬೆಂಗಳೂರಿನಲ್ಲಿ ದುಡಿದ ಹಿರಿಯರಲ್ಲಿ ಪ್ರೊ. ವೆರೋನಿಕಾ ರೋಡ್ರಿಗಸ್ ಅವರ ಹೆಸರನ್ನು ನಮ್ಮ ಹೆಣ್ಣುಮಕ್ಕಳು ಅರಿತಿರಬೇಕು. ಗೋವಾ ಮೂಲದ ಕುಟುಂಬದಲ್ಲಿ 1953ರಲ್ಲಿ ಕೀನ್ಯಾದಲ್ಲಿ ಹುಟ್ಟಿದ ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಪ್ರೊ. ಒಬೈದ್ ಸಿದ್ದಿಕಿಯವರ ಶಿಷ್ಯೆಯಾಗಿ, ಹಣ್ಣಿನ ನೊಣ ವಾಸನೆಯನ್ನು ಅರಿಯುವ ಬಗೆಯನ್ನು ಅದರ ವಂಶವಾಹಿಗಳ ಮೂಲಕ ಶೋಧಿಸಿದರು. ಬಳಿಕ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ದುಡಿದು 2010ರಲ್ಲಿ ತೀರಿಕೊಂಡರು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕೂರುವ ಅದೇ ನೊಣ! ಅಡುಗೆಮನೆಯಲ್ಲಿ ನಾವು ಕೈಬೀಸಿ ಓಡಿಸುವ ಜೀವಿಯ ಮೇಲೆ ಒಂದು ಜೀವಮಾನವನ್ನೇ ಸವೆಸಬಹುದೆಂಬುದು ಅನೇಕ ತಂದೆತಾಯಿಗಳಿಗೆ ವಿಚಿತ್ರವಾಗಿ ತೋರುವುದು ಸಹಜ.

ಇನ್ನು ಮನುಷ್ಯರ ಮಾತಿಗೆ ಬರೋಣ. ಬೆಂಗಳೂರಿನ ಹುಚ್ಚಾಸ್ಪತ್ರೆಯೆಂದು ಹಿಂದಿನವರು ಕರೆಯುತ್ತಿದ್ದ ಸಂಸ್ಥೆಯೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ರೂಪ ಪಡೆದು, 1974ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆ ತನ್ನ ಗೋಡೆಗಳಾಚೆಗೂ ಬಂದಿತು. ಕನಕಪುರದಲ್ಲಿ ಅದರ ವೈದ್ಯರು ನಡೆಸುತ್ತಿದ್ದ ಮಾಸಿಕ ಚಿಕಿತ್ಸಾ ಶಿಬಿರವನ್ನು ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಡಾ. ಗೌರಿದೇವಿಯವರ ಮುಂದಾಳುತನದಲ್ಲಿ ಬೆಂಗಳೂರು ಮತ್ತು ಸುತ್ತಣ ಹಳ್ಳಿಗಳ 1,02,557 ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7 ಮಂದಿಗೆ ಇದ್ದರೆ, ಹಳ್ಳಿಗಳಲ್ಲಿ 11.9 ಮಂದಿಗಿತ್ತು. ಎರಡು ಪಟ್ಟು! ರೋಗ ಹಳ್ಳಿಯಲ್ಲಿ, ತಜ್ಞರು ನಗರದಲ್ಲಿ ಎಂಬ ವಿಪರ್ಯಾಸ ಈ ಎರಡು ಅಂಕಿಗಳಲ್ಲೇ ಇದೆ.

ಮೂರ್ಛೆರೋಗದ ಒಂದು ಬಗೆಯಂತೂ ನಮ್ಮ ದಕ್ಷಿಣ ಕರ್ನಾಟಕದ್ದೇ ಎಂಬಷ್ಟು ಇಲ್ಲಿ ಸಾಮಾನ್ಯ. ಹಂಡೆಯ ಬಿಸಿನೀರನ್ನು ಚೊಂಬಿನಿಂದ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಂತೆ ಕೆಲವರಿಗೆ ಕಣ್ಣು ಮಂಜಾಗಿ, ಮಾತು ತೊದಲಿ, ಕೆಲವೊಮ್ಮೆ ಕೈಕಾಲು ಸೆಟೆದು ಪ್ರಜ್ಞೆ ತಪ್ಪುತ್ತದೆ. 1945ರಲ್ಲಿ ನ್ಯೂಜಿಲೆಂಡಿನಿಂದ ಮೊದಲು ವರದಿಯಾದ ಈ ‘ಬಿಸಿನೀರಿನ ಮೂರ್ಛೆ’ಯನ್ನು ನಮ್ಮಲ್ಲಿ ಗುರುತಿಸಿ ವಿವರಿಸಿದವರು ಬೆಂಗಳೂರಿನ ಡಾ. ಕೆ.ಎಸ್. ಮಣಿಯವರು, ನಿಮ್ಹಾನ್ಸಿನ ಡಾ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರವನ್ನು ಪ್ರಕಟಿಸಿದರು. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಲಕ್ಷಕ್ಕೆ 255 ಜನರಲ್ಲಿ ಇದು ಕಂಡುಬಂತು. ಸ್ನಾನದ ನೀರು ಉಗುರು ಬೆಚ್ಚಗಿದ್ದು, ತಲೆಗೆ ಸುರಿಯದೆ ಮೈಗೆ ಹಾಕಿಕೊಂಡರೆ ಅನೇಕರಿಗೆ ಅಷ್ಟರಿಂದಲೇ ತಡೆ ಸಿಗುತ್ತದೆ. ಸಾಲದಿದ್ದರೆ ಸ್ನಾನಕ್ಕೆ ಮುನ್ನ ನುಂಗುವ ಮಾತ್ರೆಯನ್ನು ವೈದ್ಯರು ಸೂಚಿಸುತ್ತಾರೆ. ಬಚ್ಚಲುಮನೆಯಲ್ಲಿ ಬಿದ್ದ ಮಗನನ್ನು ಗಾಳಿ ಸೋಂಕಿತೆಂದು ಊರೂರು ಅಲೆಸಿದ ಕುಟುಂಬಗಳನ್ನು ನಾವು ಕಂಡಿದ್ದೇವೆ. ಹರಕೆ ಹೊತ್ತು ಪುಣ್ಯಕ್ಷೇತ್ರಗಳಿಗೆ ಹೋಗಬಾರದೆಂದು ಹೇಳುವವರು ನಾವಲ್ಲ. ಆದರೆ ಹೋಗುವ ದಾರಿಯಲ್ಲೇ ಆಸ್ಪತ್ರೆಯೂ ಇದೆ. ಅದೇ ಯಳಂದೂರಿನಲ್ಲಿ ಡಾ. ಮಣಿ ಮತ್ತು ಸಂಗಡಿಗರು, ಅಗ್ಗದ ಫೀನೋಬಾರ್ಬಿಟೋನ್ ಮತ್ತು ಫಿನಿಟಾಯಿನ್ ಮಾತ್ರೆಗಳಿಂದಲೇ ಹಳ್ಳಿಗಾಡಿನಲ್ಲಿ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ವರದಿ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು.

ಈ ರೋಗದ ವಿಷಯದಲ್ಲಿ ಧರ್ಮಸಭೆಯ ಕಾನೂನೇ ಬದಲಾದುದನ್ನು ಇಲ್ಲಿ ಹೇಳುವುದು ಉಚಿತ. 1917ರ ಧರ್ಮಸಭಾ ಸಂಹಿತೆಯು ಮೂರ್ಛೆರೋಗಿಗಳನ್ನು ಬುದ್ಧಿಭ್ರಮಣೆಯವರೊಡನೆ, ದೆವ್ವ ಹಿಡಿದವರೊಡನೆ ಒಂದೇ ಸಾಲಿನಲ್ಲಿಟ್ಟು ಗುರುದೀಕ್ಷೆಯಿಂದ ದೂರವಿಟ್ಟಿತ್ತು. 1983ರ ಸಂಹಿತೆಯಲ್ಲಿ ಆ ಹೆಸರಿಲ್ಲ. ನಮ್ಮ ದೇಶದ ವಿವಾಹ ಕಾಯಿದೆಗಳೂ ಹಿಂದುಳಿಯಲಿಲ್ಲ. 1999ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯಿದೆ ಹಾಗೂ ವಿಶೇಷ ವಿವಾಹ ಕಾಯಿದೆಗಳಿಂದ ಮೂರ್ಛೆರೋಗದ ಅಡ್ಡಿಯನ್ನು ತೆಗೆದುಹಾಕಲಾಯಿತು. ಕಾಯಿದೆಯಿಂದ ಹೋದ ಪದ ಹೆಣ್ಣು ನೋಡಲು ಬರುವವರ ಬಾಯಿಂದ ಇನ್ನೂ ಪೂರ್ತಿ ಹೋಗಿಲ್ಲ ಎಂಬುದು ಬೇರೆ ಮಾತು.

ಮರೆಗುಳಿತನದ ಕಾಯಿಲೆಯೂ ಹೀಗೆಯೇ ಮನೆಮನೆಯ ಸಂಗತಿಯಾಗುತ್ತಿದೆ. ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಅದು ಇದೆಯೆಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ನಡೆದಾಡಲಾಗದ ವೃದ್ಧರಿಗೆ ಪರಮಪ್ರಸಾದ ಕೊಂಡೊಯ್ಯುವ ಗುರುಗಳೆಲ್ಲರೂ ಒಂದು ದೃಶ್ಯವನ್ನು ಬಲ್ಲರು. ಹೆತ್ತ ಮಗಳ ಹೆಸರು ಮರೆತ ಅಜ್ಜಿ, ಬೆಳಿಗ್ಗೆ ಉಂಡದ್ದು ಮರೆತ ಅಜ್ಜಿ, ಜಪಸರ ಕೈಗಿಟ್ಟೊಡನೆ ಬೆರಳಿನಿಂದ ಮಣಿ ಜಾರಿಸುತ್ತ ಒಂದಕ್ಷರ ತಪ್ಪದೆ ‘ನಮೋ ಮರಿಯಾ’ ಹೇಳತೊಡಗುತ್ತಾರೆ. ಮಕ್ಕಳು ಅದನ್ನು ಪವಾಡವೆನ್ನುತ್ತಾರೆ. ಆ ಸಾಂತ್ವನವನ್ನು ಕಿತ್ತುಕೊಳ್ಳುವ ಮನಸ್ಸು ನಮಗಿಲ್ಲ. ಆದರೆ ಅದಕ್ಕೊಂದು ಕಾರಣವೂ ಇದೆ. 1953ರಲ್ಲಿ ಅಮೆರಿಕದಲ್ಲಿ ಹೆನ್ರಿ ಮೊಲೈಸನ್ ಎಂಬ ತರುಣನಿಗೆ ಮೂರ್ಛೆರೋಗದ ಪರಿಹಾರಕ್ಕೆಂದು ಮಿದುಳಿನ ಒಳಭಾಗವೊಂದನ್ನು ಎರಡೂ ಪಕ್ಕದಿಂದ ತೆಗೆದರು. ಮೂರ್ಛೆ ಬಹುಮಟ್ಟಿಗೆ ತಗ್ಗಿತು. ಆದರೆ ಆ ದಿನದಿಂದ ಹೊಸದಾಗಿ ನಡೆದುದಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಕೆನಡಾದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸವನ್ನು ಆತನಿಗೆ ಕೊಟ್ಟರು. ಹಿಂದಿನ ದಿನ ಅದನ್ನು ಮಾಡಿದ ನೆನಪೇ ಆತನಿಗಿರಲಿಲ್ಲ, ಆದರೂ ಕೈ ದಿನದಿನಕ್ಕೆ ಪಳಗುತ್ತ ಹೋಯಿತು. ನಡೆದುದರ ನೆನಪು ಬೇರೆ, ಕೈಬಾಯಿಗೆ ಕೂತ ರೂಢಿಯ ನೆನಪು ಬೇರೆ. ಅವಕ್ಕೆ ಮಿದುಳಿನಲ್ಲಿ ಬೇರೆ ಬೇರೆ ನೆಲೆಗಳಿವೆ ಎಂದು ಹೀಗೆ ಗೊತ್ತಾಯಿತು. ಚನ್ನಪಟ್ಟಣದ ಬೊಂಬೆ ಕಸುಬಿನ ಹಿರಿಯರ ಕೈ ತಿರುಗುವ ಮರದ ಮೇಲೆ ಅರಗನ್ನು ಎಷ್ಟು ಒತ್ತಬೇಕೆಂದು ಅರಿತಿರುವುದೂ, ಅಜ್ಜಿಯ ಬೆರಳು ಮಣಿಯನ್ನು ಅರಿತಿರುವುದೂ ಇದೇ ಬಗೆಯದು. ಹಾರೋಬೆಲೆಯ ಪಾಡುಗಳ ನಾಟಕದಲ್ಲಿ ಅಜ್ಜನ ಪಾತ್ರವನ್ನು ಮೊಮ್ಮಗನು ಕಲಿಯುವಾಗ ಇವೆರಡು ಬಗೆಯ ನೆನಪೂ ಒಟ್ಟಿಗೆ ದುಡಿಯುತ್ತವೆ.

ಈಗ ಆ ತಾಯಿಯ ಪ್ರಶ್ನೆ. ಎಲ್ಲವನ್ನೂ ಮಿದುಳೇ ಮಾಡುವುದಾದರೆ ಆತ್ಮಕ್ಕೇನು ಕೆಲಸ? ಈ ಪ್ರಶ್ನೆಗೆ ಪ್ರವಚನಗಳಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ ವೀಣೆ ಮತ್ತು ವೈಣಿಕರ ಉಪಮೆ: ವೀಣೆ ಮುರಿದರೆ ನಾದ ಕೆಡುತ್ತದೆ, ನುಡಿಸುವವನಿಗೇನೂ ಆಗದು. ಕೇಳಲು ಇಂಪಾದ ಈ ಉಪಮೆ ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಗುರುಮಠದಲ್ಲಿ ನಾವು ಓದಿದ ಸಂತ ಥಾಮಸ್ ಅಕ್ವಿನಾಸರಿಗೂ ಇದು ಒಪ್ಪಿಗೆಯಾಗುತ್ತಿರಲಿಲ್ಲ. ಆತ್ಮವು ದೇಹದೊಳಗೆ ಕುಳಿತ ಬಾಡಿಗೆದಾರನಲ್ಲ, ದೇಹವನ್ನು ಜೀವಂತ ಮನುಷ್ಯದೇಹವನ್ನಾಗಿಸುವ ರೂಪತತ್ತ್ವವೇ ಆತ್ಮ ಎಂಬುದು ಅವರ ನಿಲುವು. ಬುದ್ಧಿಗೆ ತನ್ನದೇ ಆದ ದೇಹಾಂಗವಿಲ್ಲವೆಂದು ಹೇಳಿದ ಅವರೇ, ಈ ಲೋಕದಲ್ಲಿ ಬುದ್ಧಿಯು ಇಂದ್ರಿಯಗಳು ಒದಗಿಸುವ ಚಿತ್ರಗಳಿಲ್ಲದೆ ಏನನ್ನೂ ಅರಿಯದೆಂದೂ, ಆ ಚಿತ್ರಗಳನ್ನು ಹಿಡಿದಿಡುವ ಅಂಗಕ್ಕೆ ಪೆಟ್ಟಾದರೆ ಮನುಷ್ಯ ಮೊದಲೇ ಅರಿತದ್ದನ್ನೂ ಯೋಚಿಸಲಾರನೆಂದೂ 13ನೆಯ ಶತಮಾನದಲ್ಲಿ ಬರೆದರು. ಮಿದುಳಿಗೆ ಪೆಟ್ಟಾದರೆ ಮನಸ್ಸು ಕೆಡುತ್ತದೆಂಬ ಸುದ್ದಿ ಅವರಿಗೆ ಹೊಸದಾಗಿರಲಿಲ್ಲ, ಅದರಿಂದ ಅವರು ಬೆದರಲೂ ಇಲ್ಲ.

ಬೆದರಿದವರು ಬೇರೆಯವರು. 17ನೆಯ ಶತಮಾನದ ದೆಕಾರ್ತ್ ಎಂಬ ತತ್ತ್ವಜ್ಞಾನಿ ಆತ್ಮ-ದೇಹಗಳನ್ನು ಎರಡು ಬೇರೆ ವಸ್ತುಗಳನ್ನಾಗಿಸಿ, ಅವು ಕೂಡುವ ತಾಣ ಮಿದುಳಿನ ನಡುವಣ ಪುಟ್ಟ ಪೀನಿಯಲ್ ಗ್ರಂಥಿಯೆಂದೂ, ಅದು ಅತ್ತಿತ್ತ ವಾಲಿ ದೇಹವನ್ನು ಆಡಿಸುತ್ತದೆಂದೂ ಕಲ್ಪಿಸಿದರು. 1665ರಲ್ಲಿ ಪ್ಯಾರಿಸಿನಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ ಎಂಬ 27 ವರ್ಷದ ಅಂಗರಚನಾ ವಿದ್ವಾಂಸ ವಿದ್ವತ್ ಸಭೆಯ ಮುಂದೆ ನಿಂತು, ಆ ಗ್ರಂಥಿ ಇರುವ ಬಗೆಯಲ್ಲಿ ಅದು ಹಾಗೆ ವಾಲುವುದು ಅಸಾಧ್ಯವೆಂದು ತೋರಿಸಿದರು. ಮಿದುಳಿನ ಬಗ್ಗೆ ಪಂಡಿತರು ಹೇಳುವುದರಲ್ಲಿ ಬಹುಪಾಲು ಊಹೆಯೇ ಎಂದು ನೇರವಾಗಿ ಹೇಳಿದರು. ಮುಂದೆ ಇದೇ ಸ್ಟೆನ್ಸೆನ್ 1667ರಲ್ಲಿ ಕಥೋಲಿಕರಾಗಿ, 1675ರಲ್ಲಿ ಗುರುದೀಕ್ಷೆ ಪಡೆದು, 1677ರಲ್ಲಿ ಧರ್ಮಾಧ್ಯಕ್ಷರಾದರು. 1988ರ ಅಕ್ಟೋಬರಿನಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದು ಸಾರಿದರು. ಮಿದುಳನ್ನು ಕೊಯ್ದು ನೋಡಿದ ಕೈಯೇ ಬಲಿಪೂಜೆಯನ್ನೂ ಅರ್ಪಿಸಿತೆಂಬುದನ್ನು ಆ ತಾಯಿಗೆ ತಿಳಿಸಿದ್ದೇವೆ. ಮಗಳ ಕೊಠಡಿಯಲ್ಲಿ ಇಡಲು ಅವರ ಚಿತ್ರ ಸಿಗುವುದೇ ಎಂದು ಕೇಳಿದರು!

ಅಪಾಯವೇ ಇಲ್ಲವೆಂದಲ್ಲ. ಪ್ರೀತಿಯೆಂದರೆ ಇಂಥ ರಸ, ಪ್ರಾರ್ಥನೆಯೆಂದರೆ ಇಂಥ ತರಂಗ, ಅಷ್ಟೇ ಎಂದು ಸಾರುವ ಬರಹಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಆ ‘ಅಷ್ಟೇ’ ಎಂಬುದು ಪ್ರಯೋಗಶಾಲೆಯಲ್ಲಿ ಸಿಕ್ಕಿದ ಪದವಲ್ಲ. ಬರೆದವರು ತಾವಾಗಿ ಸೇರಿಸಿದ ತತ್ತ್ವಶಾಸ್ತ್ರ. ಅದನ್ನು ಗುರುತಿಸಲು ವಿಜ್ಞಾನ ಓದುವ ಮಗುವಿಗೆ ಒಂದಿಷ್ಟು ತರ್ಕಶಾಸ್ತ್ರದ ಪರಿಚಯವಿದ್ದರೆ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ.

ಅನ್ನದ ಪ್ರಶ್ನೆಗೆ ಮರಳಬೇಕು. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾಗಿದೆ. ಹೀಗಾಗಿ ಇಲ್ಲಿಯ ವಿದ್ಯಾರ್ಥಿಗೆ ನರವಿಜ್ಞಾನದ ಬಾಗಿಲು ಸಾಮಾನ್ಯವಾಗಿ ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಅಥವಾ ಮನಶ್ಶಾಸ್ತ್ರದ ಪದವಿಯ ಮೂಲಕವೇ ತೆರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಆರಂಭಿಸಿದ ನಾಲ್ಕು ವರ್ಷದ ಬಿ.ಎಸ್. ಸಂಶೋಧನಾ ಪದವಿಯಲ್ಲಿ ಜೀವಶಾಸ್ತ್ರವನ್ನು ಆಯ್ದವರು ಕೊನೆಯ ವರ್ಷದ ಸಂಶೋಧನೆಯನ್ನು ನರವಿಜ್ಞಾನದಲ್ಲಿ ಮಾಡಬಹುದು. 2009ರಲ್ಲಿ ಅಲ್ಲಿ ನರವಿಜ್ಞಾನ ಕೇಂದ್ರವನ್ನು ಕಟ್ಟಿದ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಮೈಸೂರು ವಿಶ್ವವಿದ್ಯಾನಿಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರು. ಈ ಪದವಿಗೆ ಪಿ.ಯು.ಸಿ.ಯಲ್ಲಿ ಗಣಿತ ಕಡ್ಡಾಯ. ಇದನ್ನು ಒತ್ತಿ ಹೇಳುತ್ತೇವೆ. ಜೀವಶಾಸ್ತ್ರ ಇಷ್ಟವೆಂದು ಹತ್ತನೆಯ ತರಗತಿಯ ಬಳಿಕ ಗಣಿತವನ್ನು ಬಿಟ್ಟ ಮಕ್ಕಳಿಗೆ ಆ ಬಾಗಿಲು ಹದಿನಾರನೆಯ ವಯಸ್ಸಿನಲ್ಲೇ ಮುಚ್ಚಿಹೋಗುತ್ತದೆ, ಮುಚ್ಚಿದ್ದು ಅವರಿಗೆ ತಿಳಿಯುವುದು ಎರಡು ವರ್ಷದ ಮೇಲೆ.

ದಾರಿ ದೀರ್ಘವೆಂಬುದನ್ನೂ ಮರೆಮಾಚಲಾಗದು. ಪದವಿ ಮೂರು-ನಾಲ್ಕು ವರ್ಷ, ಸ್ನಾತಕೋತ್ತರ ಎರಡು, ಪಿಎಚ್.ಡಿ. ಐದಾರು, ಹತ್ತರಿಂದ ಹನ್ನೆರಡು ವರ್ಷ ಸಂದಿರುತ್ತದೆ. ಆದರೆ ಕೊನೆಯ ಐದಾರು ವರ್ಷ ಮನೆಯವರು ಹಣ ಹೊಂದಿಸಬೇಕಾಗಿಲ್ಲ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದವರ ಸಂಶೋಧನಾ ವೇತನ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ. ಬರೇ ಬಿ.ಎಸ್ಸಿ.ಗೆ ನಿಲ್ಲಿಸಿದವರಿಗೆ ಈ ಕ್ಷೇತ್ರದಲ್ಲಿ ಹೇಳಿಕೊಳ್ಳುವ ಕೆಲಸ ಸಿಗುವುದು ಕಷ್ಟ. ಮೂರು ವರ್ಷಕ್ಕೇ ಸಂಬಳ ಬೇಕೆಂಬ ಸ್ಥಿತಿಯ ಮನೆಗಳಿಗೆ, ಮಿದುಳಿನ ಹತ್ತಿರವೇ ಇದ್ದು ಬೇಗ ಕೈಹಿಡಿಯುವ ವಿದ್ಯೆಗಳನ್ನು ತೋರಿಸುತ್ತೇವೆ: ನಿಮ್ಹಾನ್ಸಿನ ನರ್ಸಿಂಗ್ ಮತ್ತು ರೇಡಿಯೋಗ್ರಫಿ ಪದವಿಗಳು, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯ ಬಿ.ಎ.ಎಸ್.ಎಲ್.ಪಿ. ಪದವಿ. ಲಕ್ವ ಹೊಡೆದು ಮಾತು ಹೋದವರಿಗೆ ಮಾತು ಕಲಿಸುವ ಈ ಕೊನೆಯ ವಿದ್ಯೆ, ರಾಮನಗರ-ಚನ್ನಪಟ್ಟಣದವರಿಗೆ ರೈಲಿನ ಒಂದೇ ಹಳಿಯ ಮೇಲಿದ್ದರೂ ನಮ್ಮ ಕುಟುಂಬಗಳಿಗೆ ಅಷ್ಟಾಗಿ ಪರಿಚಯವಿಲ್ಲ.

ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯುವುದನ್ನು ಕಾಣುತ್ತೇವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಅನುಸರಿಸಿ, ಮರೆಗುಳಿತನ ಹೇಗೆ ಹುಟ್ಟುತ್ತದೆಂದು ತಿಳಿಯಹೊರಟಿರುವ ಅಧ್ಯಯನವೊಂದನ್ನು ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿದೆ. ಶಾಲೆಯ ಮುಖ ಕಾಣದ ರೈತನ ನೆನಪಿನ ಶಕ್ತಿಯನ್ನು ಇಂಗ್ಲಿಷಿನ ಪ್ರಶ್ನೆಪತ್ರಿಕೆಯಿಂದ ಅಳೆಯಲಾದೀತೆ? ಅಲ್ಲಿ ಬೇಕಾದುದು ರಾಗಿ ಹೊಲದ ಬದುವಿನ ಮೇಲೆ ಕುಳಿತು, ಅಜ್ಜನ ಕನ್ನಡದಲ್ಲೇ ಕೇಳಿ, ಆತ ಮರೆತದ್ದಾವುದು, ಮೊದಲಿಂದಲೂ ಅರಿಯದೇ ಇದ್ದುದಾವುದು ಎಂದು ಬೇರ್ಪಡಿಸಬಲ್ಲ ಕಿವಿ. ಆ ಕಿವಿ ಮಾಗಡಿಯ ಹುಡುಗಿಗೆ ಹುಟ್ಟಿನಿಂದಲೇ ಬಂದಿರುತ್ತದೆ.

ತಂದೆತಾಯಿಗಳು ತೀರ್ಮಾನಕ್ಕೆ ಬರುವ ಮುನ್ನ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳೊಡನೆ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಹೋಗಿಬರಬಹುದು. ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಅಲ್ಲಿ ಆರಂಭವಾದ ಮಿದುಳು ಬ್ಯಾಂಕಿಗೆ ಮೃತರ ಕುಟುಂಬಗಳು ಒಪ್ಪಿ ಕೊಟ್ಟ ಮಿದುಳುಗಳು ಸಂಶೋಧನೆಗೆ ಒದಗುತ್ತವೆ. ಇಂಥ ದಾನಕ್ಕೆ ಧರ್ಮಸಭೆಯ ಅಡ್ಡಿಯಿಲ್ಲ. ಜೊತೆಗಿರುವ ಸಂಗ್ರಹಾಲಯದಲ್ಲಿ ಲಕ್ವ, ಗಡ್ಡೆ, ಮರೆಗುಳಿತನಗಳಿಂದ ಬದಲಾದ ಮಿದುಳುಗಳನ್ನು ಜೋಡಿಸಿಟ್ಟಿದ್ದು, ಸಾಮಾನ್ಯ ಮಿದುಳೊಂದನ್ನು ಕೈಯಲ್ಲಿ ಹಿಡಿದು ನೋಡಲೂ ಅವಕಾಶವುಂಟು. ಸಾರ್ವಜನಿಕರಿಗೆ ಪ್ರವೇಶವಿರುವುದು ವಾರದ ನಿಗದಿತ ದಿನಗಳಲ್ಲಿ ಮಾತ್ರವಾದ್ದರಿಂದ, ಹೊರಡುವ ಮುನ್ನ ದಿನ ಮತ್ತು ವೇಳೆಯನ್ನು ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.